ಐವರು ದಿಗ್ಗಜರ ಆಲ್ಬಂ ಮತ್ತು ಶ್ರೀನಿಧಿಯ ಕಿವಿ

ಹೆವಿ ಮೆಟಲ್ ಸಂಗೀತದ ಐದು ದೊಡ್ಡ ಬ್ಯಾಂಡ್‌ಗಳ ಐವರು ಸೇರಿ ಮಾಡಿದ ಆಲ್ಬಂನ ಸಿಡಿ ಇವತ್ತು ಕೈಗೆ ಸಿಕ್ಕಿತು, ಗೆಳೆಯರೇ. ಅದನ್ನು ಕೇಳಲೆಂದೇ ಹಳೇ ದೋಸ್ತ್ ಶ್ರೀನಿಧಿ ಮಾನೇಸರ್‌ನಿಂದ ದೆಹಲಿಯ ಜನಕಪುರಿಯ ನನ್ನ ರೂಮಿಗೆ ಬಂದ. ಅಲ್ಲಿ ಅವನು ದುಡಿಯುವ ಕಾರ್ಖಾನೆಯ ಪ್ರೆಸ್ ಮಷಿನ್ನಿನ ಸದ್ದಿಗೆ ಅವನ ಕಿವಿ ಮಂದವಾಗುತ್ತಿದೆ. ಮೂರು ಹಾಡು ಮುಗಿದರೂ ತಾಳಕ್ಕೆ ಅವನ ತಲೆ ಅಲ್ಲಾಡಲಿಲ್ಲ.

"ಇದೇ ಇಷ್ಟು ಸಪ್ಪೆಯೋ, ನನ್ನ ಕಿವಿ ಪೂರ್ತಿ ಹೋಯಿತೋ?" ಅಂತ ಕೇಳಿದ.

"ಆಲ್ಬಮ್ಮೇ ದಂಡ ಮಾರಾಯ," ಅಂದೆ. ಅದು ನಿಜವೂ ಆಗಿತ್ತು.

"ಸಮಾಧಾನಕ್ಕೆ ಹೇಳಬೇಡ."

"ಹಾಗಾದರೆ ನಮಗಿಷ್ಟದ ಹಳೇ ಕ್ಯಾಸೆಟ್ ಹಾಕಿ ನೋಡೋಣ, ಗೊತ್ತಾಗುತ್ತೆ," ಎಂದು ಎದ್ದೆ.

ಅವನು ಕೈ ಹಿಡಿದು ಕೂರಿಸಿದ. "ಬೇಡ. ಅದೂ ಹೀಗೇ ಕೇಳಿಸಿದರೆ?"

ಕೊನೆಗೆ ತಪ್ಪನ್ನೆಲ್ಲ ಆ ಐವರ ಮೇಲೇ ಹೊರಿಸಿ ಇಬ್ಬರೂ ಚಹಾ ಕುಡಿದೆವು. ಅಷ್ಟು ದೊಡ್ಡ ಕಲಾವಿದರು, ತಡೆದುಕೊಳ್ಳುತ್ತಾರೆ.