ಬೀಗರ ಖೋಲಿ

ಬೀದರಿನಲ್ಲಿ ಮನೆ ಕಟ್ಟಿಸುವಾಗ, ಬಂದವರು ಬೆರಗಾಗಲಿ ಎಂದು ಹಟ ಹಿಡಿದು ಸುತ್ತು ಮೆಟ್ಟಿಲು ಮಾಡಿಸಿದೆ. ಈಗ ಮೇಲಿನ ಕೋಣೆಯಲ್ಲಿರುವ ಅವ್ವನಿಗೆ ಮೊಣಕಾಲು ನೋವು. ಕೂತಲ್ಲೇ ಮೆಟ್ಟಿಲು ಹತ್ತಿಸುವ ಕುರ್ಚಿ ಲಿಫ್ಟ್ ಹಾಕಿಸಲು ಹೊರಟೆ. ಕಂಪನಿಯವನು ಎರಡು ಸಲ ಬಂದು ಅಳೆದ. ನೇರ ಹಳಿ ಇಲ್ಲಿ ಕೂರುವುದಿಲ್ಲ, ಪ್ರತಿ ತಿರುವಿಗೂ ಬಾಗಿಸಿಯೇ ತರಬೇಕು ಎಂದ. ನಾನು ಕುರ್ಚಿಯ ಬಣ್ಣ ಆರಿಸುತ್ತಿದ್ದಾಗ ಕೇಳಿದ:

"ಕೆಳಗ ಖೋಲಿ ಇಲ್ಲೇನ್ರಿ?"

"ಅದರಿ. ಬೀಗರು ಬಂದ್ರ ಬೇಕಲ್ರಿ."

ಆ ಖೋಲಿಯ ಗಾದಿಗೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇದೆ ಎಂದು ನಾನು ಹೇಳಲಿಲ್ಲ.

ಮೇಲಿನಿಂದ ಅವ್ವನ ದನಿ ಕೇಳಿಸಿತು: "ನನಗ ಹಲಬರ್ಗಾಕ್ಕ ತವರಮನಿಗಿ ಕಳಸಪ್ಪಾ. ನಾಳಿಗಿ ಬೀಗತಿ ಆಗಿ ಬರ್ತೇನಿ. ಅವಾಗರ ಆ ಖೋಲಿ ಕೀಲಿ ತೆಗಿ."