ಸೂರ್ಯ ಮುಳುಗದ ದೇಶದಲ್ಲೊಂದು ಗಣಿ

ನಿನ್ನೆ ಬಂಗಾರಪೇಟೆಯ ಬಸ್‌ಸ್ಟ್ಯಾಂಡಿನ ಎದುರು ಮಾವಿನಹಣ್ಣು ಕೊಂಡೆ. ಮನೆಗೆ ತಂದು ಚೀಲ ಬಿಚ್ಚಿದರೆ ಹಣ್ಣಿನ ಘಮವೇ ಇಲ್ಲ, ಬರೀ ಕಾರ್ಬೈಡಿನ ನಾತ. ಬೆಳ್ಳುಳ್ಳಿ ಜಜ್ಜಿ ತುಕ್ಕು ಹಿಡಿದ ಡಬ್ಬಿಯಲ್ಲಿ ಮುಚ್ಚಿಟ್ಟಂಥ ವಾಸನೆ. ಮಾವಿನ ಸೀಮೆಯಲ್ಲೇ ಹುಟ್ಟಿ ಮುದುಕಿಯಾದವಳಿಗೆ ಇಂಥ ಹಣ್ಣು ಮಾರುತ್ತಾರಲ್ಲ, ವಾಟ್ ಚೀಕ್! ಎಂದು ಬೈದುಕೊಳ್ಳುತ್ತಲೇ ಇನ್ನೊಮ್ಮೆ ಮೂಸಿದೆ. ಏಕೆಂದರೆ ಅದು ನಮ್ಮಪ್ಪನ ವಾಸನೆ. ಕೆಜಿಎಫ್‌ನ ಉರಿಗಾಂ ಚಿನ್ನದ ಗಣಿಗೆ ಇಳಿಯುವಾಗ ಅವರು ಹಿಡಿದು ಹೋಗುತ್ತಿದ್ದ ಪುಟ್ಟ ದೀಪ ಉರಿಯುತ್ತಿದ್ದದ್ದು ಕಾರ್ಬೈಡಿನಿಂದಲೇ.

ಬೈಗುಳವೆಲ್ಲ ಆ ಹಣ್ಣಿನವನಿಗೇ ಸಲ್ಲಬೇಕಾದದ್ದಲ್ಲ ಅನ್ನಿ. ಅದಕ್ಕೆ ಸ್ವಲ್ಪ ಮುಂಚೆ ನಾನು ಟ್ರಾವೆಲ್ಸಿನ ಮುನಿರಾಜು ಜೊತೆ ಜಗಳ ಆಡಿ ಬಂದಿದ್ದೆ. ನಾನೂ ನನ್ನ ತಂಗಿ ರತ್ನಳೂ ನಾರ್ವೆ ದೇಶಕ್ಕೆ ಹೊರಟಿದ್ದೇವೆ. ನಗಬೇಡಿ, ಪ್ಲೀಸ್. ನಾನು ಜೀವನವಿಡೀ ಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ತಿದ್ದಿದವಳು. ಅವಳು ಬೂದಿಕೋಟೆಗೆ ಸೊಸೆಯಾಗಿ ಹೋಗಿ ಹಸುಗಳನ್ನೂ ಮಕ್ಕಳನ್ನೂ ಒಟ್ಟೊಟ್ಟಿಗೆ ಸಾಕಿದವಳು. ಈ ವಯಸ್ಸಿನಲ್ಲಾದರೂ ಸಮುದ್ರ ದಾಟೋಣ ಎಂದುಕೊಂಡೆವು, ಅಷ್ಟೆ.

ಮುನಿರಾಜುವಿನದು ಮೂಲತಃ ತಿರುಪತಿ, ವೇಲಾಂಕಣ್ಣಿ ಬಸ್ಸುಗಳ ವ್ಯಾಪಾರ. ಈಚೆಗೆ ಫಾರಿನ್ ಟೂರ್ ಎಂಬ ಬೋರ್ಡೂ ನೇತಾಡುತ್ತಿದೆ. ಮೊದಲ ಸಲ ಹೋದಾಗ ಬಣ್ಣದ ಪುಸ್ತಕ ಬಿಡಿಸಿ ಸಿಂಗಪುರ ತೋರಿಸಿದ, ದುಬೈ ತೋರಿಸಿದ, ರತ್ನ ಆಕಳಿಸಿದಳು. ನಾರ್ವೆಯ ಪುಟ ಬಂದಾಗ ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ ಎಂದ. ಅವಳು ತಟ್ಟನೆ ಅದರ ಮೇಲೆ ಬೆರಳಿಟ್ಟಳು.

"ರಾತ್ರಿ ಆಗೋದೇ ಇಲ್ವಾ?"

"ಇಲ್ಲಮ್ಮ, ಯಾವಾಗ್ಲೂ ಬೆಳಕೇ. ಆದ್ರೆ ಅಲ್ಲಿ ಜನಾನೇ ಇಲ್ಲ. ದಾರಿ ತಪ್ಪಿದ್ರೆ ಕೇಳೋಣ ಅಂದ್ರೆ ಒಂದ್ ನರಪಿಳ್ಳೆ ಸಿಗಲ್ಲ."

"ಜನ್ರನ್ನ ನೋಡಿ ಸಾಕಾಗೋಗೈತೆ ಬುಡಪ್ಪ. ಅಲ್ಲಿಗೇ ಓಗಾನ."

ನಾನು ಒಪ್ಪಿದ್ದಕ್ಕೆ ಬೇರೆಯೇ ಕಾರಣವಿತ್ತು. ಅದೇ ಪುಟದ ಮೂಲೆಯಲ್ಲಿ ಮುಚ್ಚಿದ ಬೆಳ್ಳಿ ಗಣಿಯೊಂದರ ಚಿತ್ರ. ಪುಟ್ಟ ರೈಲಿನಲ್ಲಿ ಕೂರಿಸಿ ಪ್ರವಾಸಿಗರನ್ನು ಬೆಟ್ಟದ ಹೊಟ್ಟೆಯೊಳಗೆ ಕರೆದೊಯ್ಯುತ್ತಾರಂತೆ. ಅವರು ತಮ್ಮ ಗಣಿಯನ್ನು ಒರೆಸಿ, ದೀಪ ಹಾಕಿ, ಟಿಕೆಟ್ ಮಾಡಿ ಇಟ್ಟುಕೊಂಡಿದ್ದಾರೆ. ನಮ್ಮದು? ನೀರು ತುಂಬಿಕೊಂಡು ಕೂತಿದೆ. ಉಳಿದದ್ದು ಚಿನ್ನ ತೆಗೆದು ಸುರಿದ ಪುಡಿಮಣ್ಣಿನ ಸೈನೈಡ್ ದಿಬ್ಬ; ಅದರ ಮೇಲೆ ಹತ್ತಿ ಸೆಲ್ಫಿ ತೆಗೆದುಕೊಳ್ಳಲು ಊರೂರಿನಿಂದ ಬರುತ್ತಾರೆ. ಗಾಳಿ ಬೀಸಿದರೆ ಆ ಧೂಳು ನನ್ನ ಒಣಹಾಕಿದ ಸೀರೆಯ ಮೇಲೆ.

ನಿಮಗೆ ಗೊತ್ತಿರಲಿಕ್ಕಿಲ್ಲ, ಕೆಜಿಎಫ್‌ನಲ್ಲಿ ಹುಟ್ಟಿದ ಹುಡುಗಿಯರು ಗಣಿಯನ್ನು ನೋಡಿದವರಲ್ಲ. ಬ್ರಿಟಿಷ್ ದೊರೆಗಳ ಮಡದಿಯರು ಯಾವಾಗಲಾದರೂ ಟೋಪಿ ಧರಿಸಿ ಇಳಿದಿದ್ದರಂತೆ. ಕೆಲಸಗಾರರ ಮನೆಯ ಹೆಣ್ಣಿಗೆ ಗಣಿಬಾವಿಯ ಬಾಯಿಯವರೆಗೆ ಮಾತ್ರ ಪ್ರವೇಶ. ಆಯುಧಪೂಜೆಯ ದಿನ ಗೇಟಿನೊಳಗೆ ಬಿಡುತ್ತಿದ್ದರು. ಗಣಿಗೆ ಇಳಿಸುವ ಕಬ್ಬಿಣದ ಪಂಜರಕ್ಕೆ ಕುಂಕುಮ ಹಚ್ಚಬಹುದಿತ್ತು, ಕಾಲಿಡುವಂತಿರಲಿಲ್ಲ. ನಮ್ಮ ಕಾನ್ವೆಂಟಿನವರು ಒಮ್ಮೆ ಪಕ್ಕದ ಶಾಲೆಯ ಹುಡುಗರ ಜೊತೆ ನಮ್ಮನ್ನೂ ಗಣಿ ತೋರಿಸಲು ಕರೆದೊಯ್ದರು. ಹುಡುಗರು ಕೆಳಗಿಳಿದರು. ನಮಗೆ ಮೇಲೆ, ಹುಣಸೆಮರದ ನೆರಳಿನಲ್ಲಿ, ಲೆಮನೇಡ್ ಕೊಟ್ಟರು. ಆ ಲೆಮನೇಡಿನ ಹುಳಿ ಇವತ್ತಿಗೂ ನನ್ನ ಗಂಟಲಿಂದ ಇಳಿದಿಲ್ಲ.

ಅವತ್ತು ಸಂಜೆ ಅಪ್ಪನನ್ನು ಕೇಳಿದ್ದೆ, "ಕೆಳಗೆ ಏನಿದೆ ಅಪ್ಪಾ?"

"ಅರಮನೆ ಐತಮ್ಮ. ಗೋಡೆಯೆಲ್ಲ ಮಿಣಮಿಣ ಅಂತದೆ."

ನಾನು ನಂಬಿದೆ. ಕಾಂಪೋಸಿಷನ್ನಿನಲ್ಲಿ ಬರೆದು ಸಿಸ್ಟರ್ ಕೈಯಲ್ಲಿ ವೆರಿ ಗುಡ್ ಪಡೆದೆ.

ಈಗ ಹೇಳಿ, ನಿನ್ನೆ ಮುನಿರಾಜು "ಮೈನ್ಸ್ ದಿನ ನಿಮ್ಗೆ ರೆಸ್ಟು ಮೇಡಂ. ಬೇರೆಯೋರು ಒಳಗ್ ಓಗಿ ಬರೋಗಂಟ ನೀವು ಈಚೆ ಕಾಫಿ ಕುಡೀರಿ" ಎಂದಾಗ ನನಗೆ ಹೇಗಾಗಿರಬೇಕು? ನಾನ್‌ಸೆನ್ಸ್ ಎಂದು ಮೇಜು ಕುಟ್ಟಿದೆ. ಅವನು ಹೆದರಿ ನಿಜ ಬಾಯಿಬಿಟ್ಟ: "ನಿಮ್ ತಂಗೀನೇ ಫೋನ್ ಮಾಡಿ ಮೈನ್ಸ್ ಲಿಸ್ಟಿಂದ ತೆಗೀ ಅಂದಿದ್ದು!"

ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೇ ಬೂದಿಕೋಟೆಗೆ ಹೋದೆ. ರತ್ನ ಅಂಗಳದಲ್ಲಿ ಹಾಲಿನ ಕ್ಯಾನು ಉಜ್ಜುತ್ತಿದ್ದಳು.

"ಯಾರನ್ನ ಕೇಳಿ ತೆಗೆಸಿದೆಯೇ?"

"ಯಾರ್ನ ಕೇಳ್ಬೇಕಿತ್ತು? ಉಸ್ರು ಕಟ್ಟೋ ಜಾಗಕ್ಕೆ ಕಾಸ್ ಕೊಟ್ ಓಗ್ತಾರಾ ಯಾರಾನ?"

"ಅಪ್ಪ ಕಂಡದ್ದನ್ನ ನಾನೂ ಕಾಣಬೇಕು. ಇಲ್ಲಿ ಬಿಡಲಿಲ್ಲ, ಈಗ ಬಿಟ್ಟರೂ ಕೆಳಗೆ ನೀರು. ಇನ್ನೆಲ್ಲಿ ನೋಡಲೇ?"

ಅವಳು ಕ್ಯಾನನ್ನು ಬೋರಲು ಹಾಕಿ ಕೈ ಒರೆಸಿಕೊಂಡಳು. "ನೀನು ಬೆಂಗ್ಳೂರಾಗೆ ಆಸ್ಟೆಲ್ನಾಗಿದ್ದೆ ಅಕ್ಕ. ಗಣಿ ಬುಟ್ಟ್ ಮ್ಯಾಲೆ ಅಪ್ಪ ಕತ್ಲಾದ್ರೆ ಎದ್ ಕೂತ್ಕಂಬುಡೋರು. ದೀಪ ಆರ್ಸಕ್ಕೆ ಬುಡ್ತಿರ್ಲಿಲ್ಲ. ಕೆಮ್ಮು ಬೇರೆ. ಬಾಗ್ಲು ತೆಗ್ದಿಡು ರತ್ನಾ, ಮಣ್ಣು ಮೈ ಮ್ಯಾಲೆ ಬತ್ತೈತೆ ಅನ್ನೋರು. ದೊಡ್ಡೋಳ್ಗೆ ಮಾತ್ರ ತಿಳೀಬಾರ್ದು ಅನ್ನೋರು. ಆ ಕತ್ಲೆ ನೋಡಕ್ಕೆ ನೀನು ಟಿಕೀಟ್ ತಕಂತೀಯಾ? ರಾತ್ರೀನೇ ಆಗ್ದಿರೋ ದೇಸ ಐತಂತೆ ಅಂತ ಅವ್ರಿಗೆ ಏಳಕ್ಕಾದ್ರೂ ಆಗಿದ್ರೆ..."

ಅವಳ ಬೆರಳು ಆ ಪುಟದ ಮೇಲೆ ಏಕೆ ನಿಂತಿತ್ತು ಎಂಬುದು ನನಗೆ ಆಗ ಹೊಳೆಯಿತು.

ದುಃಖವಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಕೋಪ. ಈ ಸಲ ಮುನಿರಾಜುವಿನ ಮೇಲಲ್ಲ, ಅಪ್ಪನ ಮೇಲೆ. ಓದುವ ಮಗಳಿಗೆ ಅರಮನೆ, ಗಂಜಿ ಕುಡಿಸುವ ಮಗಳಿಗೆ ಕತ್ತಲೆ. ಇದ್ಯಾವ ಸೀಮೆಯ ಪಾಲು? ನನಗೆ ಸೇರಬೇಕಾದ ಅರ್ಧವನ್ನು ಇವಳೊಬ್ಬಳೇ ಇಷ್ಟು ವರ್ಷ ಹೊತ್ತಿದ್ದಾಳೆ. ನನ್ನನ್ನು ಕೇಳಿದವರು ಯಾರು?

"ಹಾಗಾದರೆ ಹೋಗಲೇಬೇಕು," ಎಂದೆ. "ನನಗೆ ಸುಳ್ಳು ಹೇಳಿ ಕಳಿಸಿದ್ದಾರೆ. ನಿಜ ನೋಡದೆ ಬಿಡಲ್ಲ, ಫುಲ್ ಸ್ಟಾಪ್."

ರತ್ನ ನನ್ನನ್ನೇ ನೋಡಿದಳು. "ನೀನು ಒಳಗೋದ್ರೆ ನಾನು ಈಚೆ ಕಾಯಲ್ಲ, ಏಳ್ಬುಟ್ಟೆ. ಕಾಯೋದೆಲ್ಲ ಅಮ್ಮನ ಕಾಲಕ್ಕೇ ಮುಗೀತು."

ನೆಲದಾಳದಲ್ಲಿ ಬಂಡೆ ಸಿಡಿದು ಶೆಲ್ಫಿನ ಪಾತ್ರೆಗಳೆಲ್ಲ ಗಲಗಲ ಎಂದಾಗ ಅಮ್ಮ ಬರಿಗಾಲಲ್ಲಿ ಗಣಿಯ ಗೇಟಿಗೆ ಓಡುತ್ತಿದ್ದದ್ದು ನಮ್ಮಿಬ್ಬರಿಗೂ ನೆನಪಿದೆ.

ಅಂಗಳದಿಂದಲೇ ಮುನಿರಾಜುವಿಗೆ ಫೋನ್ ಮಾಡಿ ಗಣಿಯ ದಿನ ಇಬ್ಬರೂ ಒಳಗೆ ಹೋಗುತ್ತೇವೆ ಎಂದು ತಿಳಿಸಿದೆ. ಅತ್ತಲಿಂದ ಅವನು "ವಯಸ್ಸು ಮೇಡಂ, ವಯಸ್ಸು" ಎಂದು ಗೊಣಗುತ್ತಿದ್ದಾಗ ರತ್ನ ನನ್ನ ಮೊಣಕೈ ತಿವಿದಳು.

"ರೈಲ್ನಾಗೆ ಮುಂದಿನ ಸೀಟು ನಂಗೆ ಅಂತ ಏಳವ್ನಿಗೆ."

"ಅದು ಹೇಗೆ? ದೊಡ್ಡವಳು ನಾನು."

"ದೊಡ್ಡೋಳಾದ್ರೇನು? ಕತ್ಲೆ ನಂಗೆ ಗೊತ್ತೈತೆ, ನಿಂಗೆ ಒಸದು. ನೀನು ಇಂದೆ ಕೂತ್ಕಂಡು ನನ್ ಸೆರಗು ಇಡ್ಕೋ."

ಎಲ್ಲದಕ್ಕೂ ಎದುರು ಮಾತಾಡುವ ನಾನು ಫೋನಿಗೆ ಹೇಳಿದೆ: ಮುಂದಿನ ಸೀಟು ನನ್ನ ತಂಗಿಗೆ.