ನಾನು ನೋಡದ ಮಗು

"ಸುಮ್ನೆ ಕೂತು ನೋಡೋದನ್ನೂ ಯಾರಾದ್ರೂ ಕಲಿಸ್ಬೇಕೇನಮ್ಮಾ?" ಎಂದು ಮೈಸೂರಿನಿಂದ ನನ್ನ ಅತ್ತೆ ಫೋನಿನಲ್ಲಿ ಕೇಳಿದ್ದರು. ಕಲಿಸಬೇಕು. ಮನೋಚಿಕಿತ್ಸೆ ಮಾಡಲು ಹೊರಟವರಿಗೆ ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ. ಹಸುಗೂಸು ಇರುವ ಒಂದು ಮನೆಯವರನ್ನು ಒಪ್ಪಿಸಿ, ವಾರಕ್ಕೊಮ್ಮೆ ಅಲ್ಲಿಗೆ ಹೋಗಿ, ಒಂದು ಗಂಟೆ ಮೂಲೆಯಲ್ಲಿ ಕೂತು ಮಗುವನ್ನು ನೋಡಬೇಕು. ಎತ್ತಿಕೊಳ್ಳುವಂತಿಲ್ಲ, ತಾಯಿಗೆ ಬುದ್ಧಿ ಹೇಳುವಂತಿಲ್ಲ, ಅಲ್ಲಿ ಕೂತು ಬರೆದುಕೊಳ್ಳುವಂತೆಯೂ ಇಲ್ಲ. ಮನೆಗೆ ಬಂದ ಮೇಲೆ ನೆನಪಿನಿಂದ ಬರೆದು ತರಗತಿಯಲ್ಲಿ ಓದಬೇಕು. ಅಳುವ ಕೂಸಿನ ಮುಂದೆ ಏನೂ ಮಾಡದೆ ಕೂರಲು ಬಾರದವರು ನಾಳೆ ಅಳುವ ದೊಡ್ಡವರ ಮುಂದೆ ಹೇಗೆ ಕೂತಾರು ಎನ್ನುವುದು ಇದರ ಹಿಂದಿನ ವಿಚಾರ. ಇಷ್ಟೆಲ್ಲ ವಿವರಿಸಿದ ಮೇಲೆ ಅತ್ತೆ, "ಪಾಪ, ಆ ತಾಯಿಗೆ ಒಂದು ಲೋಟ ಕಾಫಿನಾದ್ರೂ ಮಾಡ್ಕೊಡ್ಬಾರ್ದಾ?" ಎಂದರು. ಅದೂ ಇಲ್ಲ ಎಂದೆ.

ನಾನು ಕಲಿಸುತ್ತಿದ್ದುದು ಚೀನಾದವರಿಗೆ, ಕೂತಿದ್ದುದು ಯೋಕೋಹಾಮಾದಲ್ಲಿ. ಯೂರೋಪಿನ ಕೆಲವು ಹಿರಿಯರು ಆಗಾಗ ಚೀನಾಕ್ಕೆ ಹೋಗಿ ಅಲ್ಲಿನ ಚಿಕಿತ್ಸಕರಿಗೆ ತರಬೇತಿ ಕೊಡುತ್ತಿದ್ದರು. ಕೊರೊನಾ ಬಂದು ವಿಮಾನಗಳು ನಿಂತವು, ತರಗತಿ ಕಂಪ್ಯೂಟರಿನೊಳಗೆ ಹೊಕ್ಕಿತು. ಅವರಿಗೆ ಬೆಳಗಾಗುವಷ್ಟರಲ್ಲಿ ಇವರಿಗೆ ಸಂಜೆಯಾಗಿ ಎಲ್ಲರಿಗೂ ಸಾಕಾಯಿತು. ಚೀನಾದ ಹೊತ್ತಿಗೆ ಹೊಂದುವ ಮೇಷ್ಟ್ರು ಯಾರಿದ್ದಾರೆ ಎಂದು ಹುಡುಕುವಾಗ, ಆ ಹಿರಿಯರಲ್ಲೇ ಒಬ್ಬರಾದ, ಹಿಂದೆ ಬೆಂಗಳೂರಿಗೆ ಬಂದು ನನಗೆ ಇದೇ ಪಾಠ ಹೇಳಿದ್ದ ಹಿರಿಯಾಕೆಗೆ ನನ್ನ ನೆನಪಾಯಿತು. ಗಂಡನ ಕಂಪನಿ ಅವರನ್ನು ಕಾವಾಸಾಕಿಯ ಆಫೀಸಿಗೆ ಹಾಕಿದಾಗಿನಿಂದ ನಾನು ಮನೆಯಲ್ಲೇ ಇದ್ದೆ. ನನ್ನ ಡಿಗ್ರಿ ಇಲ್ಲಿ ನಡೆಯುತ್ತಿರಲಿಲ್ಲ, ನನ್ನ ಜಪಾನೀಸ್ ಮೂಲೆಯ ಕೊಂಬಿನಿ ಅಂಗಡಿಯ ಕೌಂಟರ್ ದಾಟುತ್ತಿರಲಿಲ್ಲ. ಕರೆದದ್ದೇ ತಡ ಒಪ್ಪಿಕೊಂಡೆ. ಬುಧವಾರ ಮಧ್ಯಾಹ್ನ, ಇಂಗ್ಲಿಷ್ ಬಲ್ಲ ಐದು ಜನ ವಿದ್ಯಾರ್ಥಿಗಳು, ಐದು ಊರುಗಳಿಂದ. ನನ್ನನ್ನು ಲಾವೋಶಿ ಎನ್ನುತ್ತಿದ್ದರು, ಅಂದರೆ ಗುರುಗಳೇ ಎಂದಂತೆ. ಮನೆಯಲ್ಲಿ ಇಷ್ಟು ಮರ್ಯಾದೆ ಸಿಗದ ನನಗೆ ಅದು ಚೆನ್ನಾಗಿಯೇ ಇತ್ತು.

ಐವರಲ್ಲಿ ಒಬ್ಬಳು ಮೊದಲು ಶಾಲೆಯೊಂದರಲ್ಲಿ ಮಕ್ಕಳ ಸಲಹೆಗಾರ್ತಿಯಾಗಿದ್ದವಳು. ಮೂವತ್ತರ ಆಸುಪಾಸು, ಒಂಟಿಯಾಗಿದ್ದಳು. ತನ್ನ ಊರಿನಲ್ಲೇ ಒಂದು ಗಂಡುಕೂಸನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದಳು. ಕೂಸು ಅಂಬೆಗಾಲಿಡುವ ಹೊತ್ತಿಗೆ ಊರಿಗೆ ಬೀಗ ಬಿತ್ತು. ಇವಳು ತನ್ನ ಅಪಾರ್ಟ್‌ಮೆಂಟಿನಲ್ಲಿ, ತಾಯಿ ಕೂಸು ತಮ್ಮದರಲ್ಲಿ, ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದ ತಂದೆ ಅಲ್ಲೇ. ಕೂಸನ್ನು ನೋಡುವುದು ಫೋನಿನ ಮೂಲಕ ನಡೆಯಲಿ ಎಂದು ನಾನೇ ಒಪ್ಪಿದೆ. ಹೇಳಿದ ಹೊತ್ತಿಗೆ ತಾಯಿ ವಿಡಿಯೋ ಕರೆ ಮಾಡಿ ಫೋನನ್ನು ಮಂಚದ ತಲೆಯ ಕಡೆ ನಿಲ್ಲಿಸುತ್ತಿದ್ದಳು. ನನ್ನ ವಿದ್ಯಾರ್ಥಿನಿ ಆ ಕಡೆ ಮಾತಿಲ್ಲದೆ ಒಂದು ಗಂಟೆ ನೋಡುತ್ತಿದ್ದಳು.

ಒಂದೆರಡು ವಾರ ಕಳೆಯುವಷ್ಟರಲ್ಲಿ ಅವಳ ವರದಿಯಲ್ಲಿ ತಾಯಿ ಕಾಣೆಯಾಗತೊಡಗಿದಳು. "ತಾಯಿ ಫೋನ್ ಇಟ್ಟು ಹೊರಗೆ ಹೋದಳು. ಬಾಗಿಲು ಮುಚ್ಚಿದಳು. ಗಂಟೆ ಮುಗಿಯುವಾಗ ಬಂದಳು," ಎಂದು ಓದುತ್ತಿದ್ದಳು. ತರಗತಿಯಲ್ಲಿ ಇದರ ಮೇಲೆ ದೊಡ್ಡ ದೊಡ್ಡ ಮಾತುಗಳಾದವು. ತಾಯಿಗೆ ಖಿನ್ನತೆ ಇರಬಹುದು ಎಂದು ಒಬ್ಬ, ಗಂಡನ ಮೇಲಿನ ಕೋಪ ಮಗುವಿನ ಮೇಲೆ ತಿರುಗಿದೆ ಎಂದು ಇನ್ನೊಬ್ಬಳು. ನಾನೂ ಎರಡು ಮಾತು ಸೇರಿಸಿದೆ. ಆದರೆ ತರಗತಿ ಮುಗಿದ ಮೇಲೂ ಅದು ನನ್ನ ತಲೆಯಿಂದ ಹೋಗಲಿಲ್ಲ. ಆ ಮುಚ್ಚಿದ ಬಾಗಿಲ ಹಿಂದೆ ಆ ಹೆಂಗಸು ಏನು ಮಾಡುತ್ತಿದ್ದಾಳೆ? ಆ ಗಂಟೆಯೇ ಹೀಗಿದ್ದರೆ ಉಳಿದ ಹೊತ್ತು ಹೇಗಿರಬಹುದು? ಮಾಸ್ಕ್ ಹಾಕಿಕೊಂಡು ಸಾಮಾನು ತರಲು ಹೋದರೆ ಕೊಂಬಿನಿಯ ಮುಂದೆ ನಿಂತ ತಳ್ಳುಗಾಡಿಯ ಕೂಸಿನಲ್ಲೂ ಅದೇ ಕೂಸು. ಗಂಡನಿಗೆ ಹೇಳುವಂತಿಲ್ಲ, ಇನ್ನೊಬ್ಬರ ಮನೆಯ ಮಾತು ಹೊರಗೆ ಹೋಗಬಾರದು ಎನ್ನುವುದೂ ನಾವೇ ಮಾಡಿಕೊಂಡ ನಿಯಮ. "ಯಾಕೆ ಹೀಗೆ ಮುಖ ಸಣ್ಣ ಮಾಡ್ಕೊಂಡಿದೀಯ? ವೀಸಾ ವಿಷ್ಯನಾ?" ಎಂದು ಅವರು ಕೇಳಿದರೆ ಹೌದು ಎಂದುಬಿಡುತ್ತಿದ್ದೆ.

ಮುಂದಿನ ಬುಧವಾರ ಅವಳು ಕಾಗದವಿಲ್ಲದೆ ಬಂದಳು. ಬರೆಯಲಾಗಲಿಲ್ಲ, ಹೇಳುತ್ತೇನೆ ಎಂದಳು. ಕೂಸು ಮಂಚದ ಮೇಲಿತ್ತು. ತಾಯಿ ಎಂದಿನಂತೆ ಹೋದಳು. ಕೂಸು ಒಂದು ಚಮಚ ಹಿಡಿದು ಆಡುತ್ತಿತ್ತು. ಚಮಚ ಜಾರಿ ಕೆಳಗೆ ಬಿತ್ತು. ಕೂಸು ಮಂಚದ ಅಂಚಿಗೆ ಅಂಬೆಗಾಲಿಟ್ಟು ಹೋಗಿ ಬಗ್ಗಿ ನೋಡಿತು. ಇವಳು ನಿಯಮ ಮರೆತು ಕೂಗಿದಳು. ಕೂಸು ತಿರುಗಲಿಲ್ಲ. ಮತ್ತೆ ಕೂಗಿದಳು, ಮೇಜು ಬಡಿದಳು. ಕೂಸು ಒಂದು ಕೈ ಗಾಳಿಗೆ ಇಟ್ಟಿತು. ಆಮೇಲೆ ಪರದೆಯಲ್ಲಿ ಬರೀ ಹಾಸಿಗೆ.

"ಅಳು ಕೇಳಿಸಿತು," ಎಂದಳು. "ಅಳು ಕೇಳಿಸಿದ್ದೇ ನನಗೆ ಸಮಾಧಾನ."

ತಾಯಿ ಓಡಿ ಬಂದು ಎತ್ತಿಕೊಂಡಳು. ಹಣೆಯಲ್ಲಿ ಬುಗುಟು, ಅದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಆಮೇಲೆ ಆ ತಾಯಿ ಫೋನನ್ನು ಮುಖದ ಹತ್ತಿರ ತಂದು ಕೇಳಿದಳಂತೆ: "ನೀನು ನೋಡುತ್ತಿದ್ದೆಯಲ್ಲ? ನೀನು ನೋಡುತ್ತಿರುತ್ತೀಯೆಂದೇ ನಾನು ಮಲಗುತ್ತಿದ್ದೆ."

ಮಲಗುತ್ತಿದ್ದಳು. ಖಿನ್ನತೆ, ಕೋಪ ಎಂದು ನಾವು ಆರು ಜನ ಕೂತು ಹೊಸೆದದ್ದೆಲ್ಲ ಒಂದು ಗಂಟೆ ನಿದ್ದೆ. ವಾರವಿಡೀ ಒಬ್ಬಳೇ ಎತ್ತಿ ಇಳಿಸಿ ಸುಸ್ತಾದ ಆ ಹೆಂಗಸಿಗೆ, ಯಾರೋ ಒಬ್ಬರ ಕಣ್ಣು ಮಗುವಿನ ಮೇಲಿದೆ ಎನ್ನುವ ಆ ಒಂದೇ ಗಂಟೆ ಸಿಗುತ್ತಿತ್ತು. ಫೋನಿನ ಸದ್ದನ್ನು ಅವಳೇ ಪೂರ್ತಿ ಇಳಿಸಿದ್ದಳು. ನೋಡಲು ಬರುವವರು ಮಾತಾಡುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದೆವಲ್ಲ, ಇನ್ನು ಸದ್ದು ಯಾಕೆ ಬೇಕು?

"ಲಾವೋಶಿ, ನಾನು ಇನ್ನು ನೋಡಲಾರೆ," ಎಂದಳು ವಿದ್ಯಾರ್ಥಿನಿ. ಉಳಿದ ನಾಲ್ವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾಳೆ ಹೇಳುತ್ತೇನೆ ಎಂದು ತರಗತಿ ಮುಗಿಸಿದೆ. ಇದನ್ನು ಇಲ್ಲಿಗೇ ನಿಲ್ಲಿಸಿಬಿಡುವುದು ಎಂದು ಒಳಗೊಳಗೇ ತೀರ್ಮಾನಿಸಿದ್ದೆ. ನಿಲ್ಲಿಸಿದರೆ ನಮ್ಮ ಮೇಲೆ ಯಾವ ತಪ್ಪೂ ಬರುವುದಿಲ್ಲ.

ಕೋಣೆಯ ಬಾಗಿಲು ಜರುಗಿಸಿ ಹೊರಗೆ ಬಂದೆ. ಗಂಡ ಇನ್ನೊಂದು ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪರದೆಯ ಮೇಲಿನ ಜಪಾನಿ ಸಾಹೇಬರಿಗೆ, ಯಾವುದೋ ಸಾನ್‌ಗೆ ತಲೆ ಬಗ್ಗಿಸುತ್ತಿದ್ದರು. ಶಿಶುವಿಹಾರ ಮುಚ್ಚಿದ್ದರಿಂದ ನಾಲ್ಕು ವರ್ಷದ ಮಗಳು ಅಡುಗೆಮನೆಯ ನೆಲದ ಮೇಲೆ ಬಣ್ಣ ಹಚ್ಚುತ್ತ ಕೂತಿದ್ದಳು. ಅಕ್ಕಿ ಡಬ್ಬಕ್ಕೆ ಒರಗಿಸಿದ್ದ ಟ್ಯಾಬಿನಲ್ಲಿ ಮೈಸೂರಿನ ಅತ್ತೆ. ಬುಧವಾರದ ಪದ್ಧತಿಯೇ ಅದು.

"ಪುಟ್ಟಿ, ಬಾಲ್ಕನಿ ಬಾಗ್ಲು ಮುಟ್ಬೇಡ ಕಂದಾ, ಅಜ್ಜಿ ಕೂಗ್ತೀನಿ ನೋಡು," ಎನ್ನುತ್ತಿದ್ದರು.

"ದೈಜೋಬು, ಅಜ್ಜಿ," ಎಂದಳು ಮಗಳು, ಏನೂ ಆಗಲ್ಲ ಎಂದು ಜಪಾನೀಸಿನಲ್ಲಿ ಧೈರ್ಯ ಹೇಳುತ್ತ.

ನನ್ನನ್ನು ಕಂಡು ಅತ್ತೆ, "ಮುಗೀತಾ ಪಾಠ? ಸರಿ, ನಾನು ಒಗ್ಗರಣೆ ಹಾಕ್ಕೊಂಡ್ ಬರ್ತೀನಿ," ಎಂದು ಎದ್ದರು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಸಮುದ್ರದಾಚೆಯ ಕಣ್ಣಿಗೆ ನನ್ನ ಮಗುವನ್ನು ಒಪ್ಪಿಸಿ ನಾನು ಒಳಗೆ ಕೂತು, ಇನ್ನೊಬ್ಬ ತಾಯಿ ಹಾಗೆ ಮಾಡಿದ್ದಕ್ಕೆ ಅರ್ಥ ಹುಡುಕುತ್ತಿದ್ದೆ. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ನಾವು ನಿಲ್ಲಿಸಿದರೂ ಆ ತಾಯಿಗೆ ನಿದ್ದೆ ಬರುತ್ತದೆ. ಆಗ ಕೂಗಲು ಅತ್ತೆಯೂ ಇರುವುದಿಲ್ಲ, ವಿದ್ಯಾರ್ಥಿನಿಯೂ ಇರುವುದಿಲ್ಲ.

ಮರುದಿನ ಅವಳಿಗೆ ಹೇಳಿದೆ: ನಿಲ್ಲಿಸಬೇಡ. ಹಾಸಿಗೆಯನ್ನು ನೆಲಕ್ಕೆ ಹಾಕಲು ಹೇಳು, ಬಾಗಿಲು ತೆರೆದಿರಲಿ, ಫೋನಿನ ಸದ್ದು ಪೂರ್ತಿ ಇರಲಿ. ನೀನು ಮಾತಾಡು. ವಾರಕ್ಕೊಂದು ಗಂಟೆ ಸಾಲದು, ಆ ತಾಯಿ ಒಪ್ಪಿದರೆ ದಿನಾ ಕೂರು.

"ಹಾಗಾದರೆ ಇದು ಪಾಠ ಅಲ್ಲವಲ್ಲ, ಲಾವೋಶಿ?"

"ಅಲ್ಲ," ಎಂದೆ.

ಯೂರೋಪಿನ ಹಿರಿಯಾಕೆಗೂ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದೆ. ಬೈಯುತ್ತಾರೆ, ಕೆಲಸದಿಂದ ತೆಗೆದರೂ ತೆಗೆದಾರು ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಬಹಳ ಹೊತ್ತು ಕನ್ನಡಕ ಒರೆಸಿ ಒಂದೇ ಪ್ರಶ್ನೆ ಕೇಳಿದರು: "ದಿನಾ ನೋಡಿ ಮಾತಾಡಿಸಿದರೆ ಮಗು ಅವಳನ್ನು ತನ್ನವಳು ಅಂದುಕೊಳ್ಳುತ್ತದೆ. ಊರಿನ ಬೀಗ ತೆಗೆದ ದಿನ ಏನು ಮಾಡುತ್ತೀರಿ?" ಮಂಚದಿಂದ ಬೀಳುವುದಕ್ಕಿಂತ ಅದು ವಾಸಿಯಲ್ಲವೇ ಎಂದೆ. ಅವರು ಸುಮ್ಮನೆ ತಲೆಯಾಡಿಸಿದರು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಅವರು ಹೇಳಿದಂತೆಯೇ ಆಯಿತು. ವಿದ್ಯಾರ್ಥಿನಿ ಹಾಡು ಹೇಳಿದಳು, ಕೈ ತಟ್ಟಿದಳು, ಬೊಂಬೆ ಅಡಗಿಸಿ ತೋರಿಸಿದಳು. ಕೂಸು ಕರೆ ಬಂದ ಸದ್ದಿಗೇ ತಿರುಗತೊಡಗಿತು. ಪರದೆಗೆ ಬಾಯಿಟ್ಟು ಚೀಪುತ್ತದೆ, ನನಗೆ ಬರೀ ಎರಡು ಹಲ್ಲು ಕಾಣುತ್ತವೆ ಎಂದು ಅವಳು ನಗುತ್ತ ಹೇಳಿದಾಗ ತರಗತಿಯೆಲ್ಲ ನಕ್ಕಿತು. ತಾಯಿಯ ಕಣ್ಣ ಕೆಳಗಿನ ಕಪ್ಪು ಕಡಿಮೆಯಾಗಿದೆ ಎಂದೂ ಹೇಳಿದಳು. ನಾನೂ ನಕ್ಕೆ, ಆದರೆ ನನ್ನ ಭಯ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕೂತಿತ್ತು ಅಷ್ಟೇ. ಚೀನಾದ ಸುದ್ದಿ ಹಾಕಿಕೊಂಡು ಕೂರುವುದು ನನಗೆ ಚಟವಾಯಿತು. ಊರು ತೆರೆಯಲಿ ಎಂದು ಎಲ್ಲರೂ ಹಾರೈಸುವಾಗ ನನಗೆ ಆ ದಿನದ ಹೆದರಿಕೆ. ಒಂದು ಕೂಸಿಗೆ ಗಾಜಿನ ಹಿಂದಿನ ಒಬ್ಬಳನ್ನು ಅಭ್ಯಾಸ ಮಾಡಿಸಿದವಳು ನಾನು. ನಾಳೆ ಅವಳನ್ನು ಕಿತ್ತುಕೊಳ್ಳಬೇಕಾದವಳೂ ನಾನೇ ಎನಿಸುತ್ತಿತ್ತು.

ಊರು ತೆರೆಯಿತು. ಆ ಬುಧವಾರ ಅವಳು ಮಡಿಚಿದ ಹಾಳೆಗಳನ್ನು ತೆಗೆದು ಮೊದಲಿನಂತೆ ಓದಿದಳು. ಬಹಳ ದಿನಗಳ ನಂತರ ಅವಳು ಬರೆದು ತಂದ ವರದಿ ಅದು.

ಕೂಸು ನೆಲದ ಹಾಸಿಗೆಯ ಮೇಲಿತ್ತು, ಫೋನು ಗೋಡೆಗೆ ಒರಗಿತ್ತು. ಬಾಗಿಲ ಹತ್ತಿರ ಸದ್ದಾಯಿತು. ತಾಯಿ ಜೋರಾಗಿ ಏನೋ ಅಂದಳು. ಒಬ್ಬ ಗಂಡಸು ಒಳಗೆ ಬಂದು, ಚೀಲ ಇಟ್ಟು, ಮಾಸ್ಕ್ ತೆಗೆದು, ಮಂಡಿಯೂರಿ ಎರಡೂ ಕೈ ಚಾಚಿದ. ಕೂಸು ಅವನ ಮುಖ ನೋಡಿ ಕಿಟಾರನೆ ಕಿರುಚಿತು. ತಾಯಿ ಅಡುಗೆಮನೆಯ ಬಾಗಿಲಲ್ಲಿ ಬಾಯಿಗೆ ಕೈ ಹಿಡಿದು ನಿಂತಿದ್ದಳು. ಕೂಸು ತಿರುಗಿ, ಅಳುತ್ತಲೇ, ಅಂಬೆಗಾಲಿಟ್ಟು ಫೋನಿನ ಕಡೆ ಬಂತು. ಹತ್ತಿರ ಬಂದು ಪರದೆಯನ್ನು ಎರಡೂ ಕೈಯಿಂದ ಹಿಡಿಯಿತು. ಅದರ ತಲೆಯ ಹಿಂದೆ ತಂದೆ ಕಾಣುತ್ತಿದ್ದ. ಅವನ ಕೈಗಳು ಇನ್ನೂ ಚಾಚಿಯೇ ಇದ್ದವು.

ಅವಳು ಹಾಳೆ ಕೆಳಗಿಟ್ಟಳು.

"ಆಮೇಲೆ?" ಎಂದೆ. ಗುರು ಹಾಗೆ ಆತುರಪಡಬಾರದು.

"ಕರೆ ಕತ್ತರಿಸಿದೆ."

ನೋಡುವುದನ್ನೇ ಕಲಿಯಲು ಬಂದವಳು ನೋಡಲೇಬೇಕಾದ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ನನಗೆ ಒಂದು ಗಳಿಗೆ ಸಿಟ್ಟೇ ಬಂತು. ಅಷ್ಟು ವಾರ ಜೀವ ಹಿಡಿದುಕೊಂಡು ಕೂತ ನನಗೆ ಮಗು ಏನು ಮಾಡಿತು ಎಂದು ತಿಳಿಯುವ ಹಕ್ಕಿಲ್ಲವೇ ಎನಿಸಿತು.

"ನಾನು ಅಲ್ಲಿದ್ದರೆ ಅದು ಅವನ ಹತ್ತಿರ ಹೋಗುತ್ತಿರಲಿಲ್ಲ, ಲಾವೋಶಿ," ಎಂದಳು.

ಹೌದಲ್ಲ. ಅವಳಿಗೆ ಹೇಳಿಕೊಡಲು ನನ್ನ ಹತ್ತಿರ ಬೇರೇನೂ ಇರಲಿಲ್ಲ. ಆ ತಾಯಿ ಆಮೇಲೆ ಕರೆ ಮಾಡಿದಳೇ ಎಂದು ಕೇಳಿದೆ. ಇಲ್ಲ ಎಂದಳು. ಒಂದು ಸಂದೇಶವೂ ಇಲ್ಲ, ಅವತ್ತಿನಿಂದ ಒಂದೂ ಇಲ್ಲ. ಅವಳ ಮುಖ ಚಿಕ್ಕದಾಗುತ್ತ ಬಂತು. ಕಣ್ಣು ಒರೆಸಿಕೊಂಡು ಪರದೆಗೆ ಹತ್ತಿರ ಬಾಗಿದಳು.

"ಅಂದರೆ ಅವಳು ನಿದ್ದೆ ಮಾಡುತ್ತಿದ್ದಾಳೆ, ಅಲ್ಲವಾ ಲಾವೋಶಿ? ಮಗು ಅವನ ಹತ್ತಿರ ಇದೆ, ಅವಳು ನಿದ್ದೆ ಮಾಡುತ್ತಿದ್ದಾಳೆ."

ಗೊತ್ತಿಲ್ಲದ್ದಕ್ಕೆ ಹೌದು ಎನ್ನಬಾರದು ಎನ್ನುವುದು ನಮ್ಮ ವೃತ್ತಿಯ ಮೊದಲ ಪಾಠ. ಐದೂ ಮುಖಗಳು ನನ್ನ ಕಡೆ ತಿರುಗಿದ್ದವು.

"ಹೌದು," ಎಂದೆ.